ರಾಡಿ ಗೊಬ್ಬರವಾಗುವ ಬಗೆ

ನಮ್ಮ ವಾಚನಾಲಯಕ್ಕೆ ತಪ್ಪದೆ ಬರುವ ಹಿರಿಯ ಸದಸ್ಯರೊಬ್ಬರು ಮೊನ್ನೆ ಭಾನುವಾರ ಪತ್ರಿಕೆಯನ್ನು ಮಡಿಚಿಟ್ಟು ಒಂದು ಪ್ರಶ್ನೆ ಕೇಳಿದರು. ಅವರ ಊರು ತಾಲ್ಲೂಕು ಪಟ್ಟಣವೊಂದರ ಮಗ್ಗುಲಲ್ಲಿದೆ. ಪಟ್ಟಣದ ಮನೆಗಳ ಸೆಪ್ಟಿಕ್ ಟ್ಯಾಂಕುಗಳನ್ನು ಖಾಲಿ ಮಾಡುವ ಟ್ಯಾಂಕರಿನವನು ಅವರ ತಮ್ಮನ ಬಳಿಗೆ ಬಂದು, "ಒಂದು ಲೋಡು ನಿಮ್ಮ ಹೊಲಕ್ಕೆ ಬಿಡುತ್ತೇನೆ, ದುಡ್ಡೇನೂ ಬೇಡ. ನಿಮಗೆ ಯೂರಿಯಾದ ಖರ್ಚು ಉಳಿಯುತ್ತದೆ" ಎಂದನಂತೆ. ತಮ್ಮ ಫೋನು ಮಾಡಿ ಅಣ್ಣನನ್ನು ಕೇಳಿದ್ದಾನೆ. ಅಣ್ಣ ಬಂದು ನಮ್ಮನ್ನು ಕೇಳಿದರು: "ಬಿಡಿಸಿಕೊಳ್ಳಬಹುದೋ, ಬಾರದೋ? ತಿಳಿದವರು ಹೇಳಿರಪ್ಪ."

ಅಲ್ಲಿ ಕುಳಿತಿದ್ದವರಲ್ಲಿ ತಲೆಗೊಂದು ಮಾತು ಬಂತು. ಒಬ್ಬರು "ಚಿನ್ನದಂಥ ಗೊಬ್ಬರ, ಬಿಡಬೇಡಿ" ಎಂದರು. ಇನ್ನೊಬ್ಬರು "ಛೇ, ಆ ಹೊಲದ ಕಾಳು ಉಣ್ಣುವುದು ಹೇಗೆ?" ಎಂದು ಮುಖ ಸಿಂಡರಿಸಿದರು. ಮೂರನೆಯವರು, ಯಾವುದೋ ಪುಡಿ ಸಿಗುತ್ತದೆ, ಅದನ್ನು ಹಾಕಿದರೆ ಮೂರೇ ದಿನಗಳಲ್ಲಿ ಎಲ್ಲವೂ ಶುದ್ಧವಾಗುತ್ತದೆ ಎಂದರು. ಇವರಲ್ಲಿ ಯಾರ ಮಾತೂ ಪೂರ್ತಿ ಸುಳ್ಳಲ್ಲ, ಯಾರ ಮಾತೂ ಪೂರ್ತಿ ನಿಜವಲ್ಲ. ನಮ್ಮಲ್ಲಿ ಬಹುಮಂದಿ ಇಲ್ಲಿ ದುಡಿದು ಊರಿನ ಹೊಲಕ್ಕೆ ಹಣ ಕಳಿಸುವವರು. ಆ ಹೊಲದಲ್ಲಿ ಬರಿಗಾಲಲ್ಲಿ ನಡೆಯುವವರು ನಮ್ಮ ತಾಯಂದಿರು, ನಮ್ಮ ಮಕ್ಕಳು. ಆದುದರಿಂದ ಈ ವಿಷಯವನ್ನು ಮೊದಲಿನಿಂದ ತಿಳಿದುಕೊಂಡು ಉತ್ತರ ಕೊಡುವುದು ಯುಕ್ತವೆಂದು ತೋರಿ, ಈ ಸಂಚಿಕೆಯ ಪಾಠಕ್ಕೆ ಇದನ್ನೇ ಆರಿಸಿದ್ದೇವೆ.

ತಿಪ್ಪೆ ನಮಗೆ ಹೊಸದಲ್ಲ

ದೀಪಾವಳಿಯಲ್ಲಿ ನಮ್ಮ ಎಷ್ಟೋ ಹಳ್ಳಿಗಳಲ್ಲಿ ತಿಪ್ಪೆಯ ಮೇಲೂ ಒಂದು ದೀಪವಿಡುವ ರೂಢಿಯುಂಟು. ತಿಪ್ಪಣ್ಣ, ತಿಪ್ಪವ್ವ, ತಿಪ್ಪೇಸ್ವಾಮಿ ಎಂದು ಮಕ್ಕಳಿಗೆ ಹೆಸರಿಟ್ಟ ಜನ ನಾವು. ಕಸ, ಸಗಣಿ, ಒಲೆಯ ಬೂದಿ, ದನ ತಿಂದು ಬಿಟ್ಟ ಮೇವು, ಇವೆಲ್ಲ ಒಂದೆಡೆ ಬಿದ್ದು ವರ್ಷ ತುಂಬುವುದರೊಳಗೆ ಕರಿಯ ಗೊಬ್ಬರವಾಗುವುದನ್ನು ನಾವೆಲ್ಲ ಚಿಕ್ಕಂದಿನಲ್ಲಿ ಕಂಡಿದ್ದೇವೆ. ಚಳಿಗಾಲದ ಬೆಳಗ್ಗೆ ತಿಪ್ಪೆಯನ್ನು ಕೆದಕಿದರೆ ಹಬೆ ಏಳುತ್ತಿದ್ದುದೂ ಕೆಲವರಿಗೆ ನೆನಪಿರಬಹುದು. ಅಲ್ಲಿ ಒಲೆಯಿಲ್ಲ, ಬೆಂಕಿಯಿಲ್ಲ. ಆ ಬಿಸಿ ಎಲ್ಲಿಂದ ಬಂತು? ಈ ಪಾಠದ ಗುಟ್ಟೆಲ್ಲ ಆ ಬಿಸಿಯಲ್ಲಿಯೇ ಅಡಗಿದೆ.

ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳು ಆ ಕಸವನ್ನು ತಿನ್ನುತ್ತಿರುತ್ತವೆ. ನಾವು ಉಂಡ ಅನ್ನ ಮೈಯಲ್ಲಿ ಕಾವಾಗುವಂತೆ, ಅವು ತಿಂದ ಕಸವೂ ಕಾವನ್ನು ಹುಟ್ಟಿಸುತ್ತದೆ. ರಾಶಿ ದೊಡ್ಡದಿದ್ದರೆ ಆ ಕಾವು ಹೊರಗೆ ಹೋಗಲಾರದೆ ಒಳಗೇ ಏರುತ್ತದೆ. ಇದಿಷ್ಟೇ ಕಾಂಪೋಸ್ಟ್ ಎಂಬುದರ ತಿರುಳು.

ರಾಡಿಯಲ್ಲಿ ಏನಿದೆ?

ಪಟ್ಟಣದ ಗಟಾರದ ನೀರನ್ನು ಶುದ್ಧ ಮಾಡುವ ಕೇಂದ್ರಗಳಲ್ಲಿ ತಳಕ್ಕೆ ಇಳಿಯುವ ಗಸಿಗೂ, ಮನೆಗಳ ಸೆಪ್ಟಿಕ್ ಟ್ಯಾಂಕುಗಳ ಅಡಿಯಲ್ಲಿ ಕೂಡುವ ಹೂಳಿಗೂ ನಾವು ಇಲ್ಲಿ ರಾಡಿ ಎಂಬ ಒಂದೇ ಹೆಸರನ್ನು ಬಳಸುತ್ತೇವೆ. ಟ್ಯಾಂಕರಿನಲ್ಲಿ ಬರುವ ರಾಡಿಯಲ್ಲಿ ನೂರಕ್ಕೆ ೯೫ಕ್ಕಿಂತ ಹೆಚ್ಚು ಪಾಲು ಬರೀ ನೀರು. ಉಳಿದ ಚೂರುಪಾರಿನಲ್ಲಿಯೇ ಗುಣವೂ ಇದೆ, ದೋಷವೂ ಇದೆ.

ಗುಣ ಯಾವುದು? ನಾವು ಉಂಡ ಬೇಳೆಕಾಳುಗಳ ಸಾರಜನಕ, ರಂಜಕ, ಪೊಟ್ಯಾಷ್ ಇವುಗಳ ಬಹುಪಾಲು ನಮ್ಮ ದೇಹದಿಂದ ಹೊರಗೆ ಹೋಗುತ್ತದೆ. ಒಬ್ಬ ಮನುಷ್ಯನ ಮಲಮೂತ್ರಗಳಲ್ಲಿ ವರ್ಷಕ್ಕೆ ಎರಡರಿಂದ ನಾಲ್ಕು ಕಿಲೋಗ್ರಾಂ ಸಾರಜನಕ ಇರುತ್ತದೆ. ಅದರಲ್ಲಿ ಹೆಚ್ಚಿನದು ಮೂತ್ರದಲ್ಲಿ. ಹೊಲ ಕೊಟ್ಟದ್ದನ್ನು ಪಟ್ಟಣ ತಿಂದು, ಹಿಂದಕ್ಕೆ ಕೊಡದೆ ಹೊಳೆಗೆ ಬಿಡುತ್ತದೆ. ಹೊಲದ ಖಾತೆಯಲ್ಲಿ ಬರೀ ಖರ್ಚು, ಜಮಾ ಇಲ್ಲ. ಹೀಗೆ ನೋಡಿದರೆ "ಚಿನ್ನದಂಥ ಗೊಬ್ಬರ" ಎಂದವರ ಮಾತು ನಿಜ.

ದೋಷ ಯಾವುದು? ಅದೇ ರಾಡಿಯಲ್ಲಿ ವಿಷಮಶೀತ ಜ್ವರ, ಕಾಲರಾ, ಆಮಶಂಕೆ, ಕಾಮಾಲೆ ಇವುಗಳ ರೋಗಾಣುಗಳು ಇರಬಹುದು. ಜಂತುಹುಳುವಿನ ಮೊಟ್ಟೆಗಳು ಇನ್ನೂ ಗಟ್ಟಿ ಪಿಂಡ. ಅವುಗಳಿಗೆ ದಪ್ಪನೆಯ ಸಿಪ್ಪೆ ಇರುವುದರಿಂದ ಹೊಲದ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡು ಇರಬಲ್ಲವು. ಹಸಿ ರಾಡಿ ಬಿಟ್ಟ ಹೊಲದಲ್ಲಿ ಕಿತ್ತ ಮೂಲಂಗಿ, ಕೊತ್ತಂಬರಿ ಸೊಪ್ಪು ಮನೆಗೆ ಬಂದು, ಸರಿಯಾಗಿ ತೊಳೆಯದೆ ತಿಂದರೆ ಆ ಮೊಟ್ಟೆ ಮಗುವಿನ ಹೊಟ್ಟೆ ಸೇರುತ್ತದೆ. ಕೊಕ್ಕೆಹುಳು ಬಾಯಿಂದಲೇ ಬರಬೇಕೆಂದಿಲ್ಲ. ಅದರ ಮರಿ ಬರಿಗಾಲಿನ ಚರ್ಮವನ್ನು ಕೊರೆದೇ ಒಳಗೆ ಹೋಗುತ್ತದೆ. ಆದುದರಿಂದ ಮುಖ ಸಿಂಡರಿಸಿದವರ ಮಾತೂ ನಿಜ.

ಗುಣವನ್ನು ಉಳಿಸಿಕೊಂಡು ದೋಷವನ್ನು ಕಳೆಯುವುದು ಹೇಗೆ ಎಂಬುದೇ ಪ್ರಶ್ನೆ.

ಕೆಲಸ ಮಾಡುವವರು ಯಾರು?

ತಿಪ್ಪೆಯಲ್ಲಿ ನಡೆಯುವ ಕೆಲಸ ಪಾಳಿಯ ಮೇಲೆ ನಡೆಯುತ್ತದೆ. ಮೊದಲ ಪಾಳಿಯವು ಸಾಧಾರಣ ಬೆಚ್ಚಗೆಯಲ್ಲಿ ಬದುಕುವ ಬ್ಯಾಕ್ಟೀರಿಯಾಗಳು. ಸಕ್ಕರೆ, ಪಿಷ್ಟದಂಥ ಮೆತ್ತನೆಯ ಆಹಾರವನ್ನು ಅವು ಮೊದಲು ತಿಂದು ಮುಗಿಸುತ್ತವೆ. ಅವುಗಳ ದುಡಿಮೆಯಿಂದಲೇ ರಾಶಿಯ ಕಾವು ೪೦–೪೫ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕಾವು ತಮಗೇ ತಡೆಯದೆ ಅವು ಹಿಂದೆ ಸರಿಯುತ್ತವೆ.

ಆಗ ಎರಡನೆಯ ಪಾಳಿ. ಬಿಸಿಯನ್ನೇ ಬಯಸುವ ಬ್ಯಾಕ್ಟೀರಿಯಾಗಳು ಏಳುತ್ತವೆ. ಬ್ಯಾಸಿಲಸ್ ಎಂಬ ಕುಲದವು ಇವುಗಳಲ್ಲಿ ಮುಖ್ಯ. ರಾಶಿ ೫೫ರಿಂದ ೬೫ ಡಿಗ್ರಿಯವರೆಗೆ ಕಾಯುತ್ತದೆ. ರೋಗಾಣುಗಳು ನಮ್ಮ ಮೈಯ ೩೭ ಡಿಗ್ರಿ ಬೆಚ್ಚಗೆಗೆ ಹೊಂದಿಕೊಂಡು ಬೆಳೆದವು. ಈ ಬಿಸಿಯಲ್ಲಿ ಅವು ಬಾಳಲಾರವು. ಜಂತುಹುಳುವಿನ ಮೊಟ್ಟೆಯೂ ಸಾಕಷ್ಟು ದಿನ ಈ ಬಿಸಿಯಲ್ಲಿ ಬೆಂದರೆ ಸಾಯುತ್ತದೆ. ಕಾವು ೭೦ನ್ನು ಮೀರಿದರೆ ಮಾತ್ರ ನಮ್ಮ ಕೆಲಸಗಾರರೇ ಸಾಯತೊಡಗುತ್ತವೆ. ಆಗ ರಾಶಿಯನ್ನು ಮಗುಚಿ ಆರಿಸಬೇಕು.

ಮೆತ್ತನೆಯ ಆಹಾರ ತೀರಿದ ಮೇಲೆ ರಾಶಿ ತಾನಾಗಿ ತಣಿಯುತ್ತದೆ. ಮೂರನೆಯ ಪಾಳಿಯಲ್ಲಿ ಶಿಲೀಂಧ್ರಗಳೂ ಆಕ್ಟಿನೋಮೈಸೀಟ್ಸ್ ಎಂಬ ಎಳೆಎಳೆಯಾದ ಬ್ಯಾಕ್ಟೀರಿಯಾಗಳೂ ಬಂದು, ಹುಲ್ಲಿನ ನಾರು ಮರದ ಚಕ್ಕೆಗಳಂಥ ಗಟ್ಟಿ ಪದಾರ್ಥವನ್ನು ಮೆಲ್ಲಗೆ ಕರಗಿಸುತ್ತವೆ. ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಬರುವ ಆ ಹಿತವಾದ ವಾಸನೆ ಈ ಗುಂಪಿನ ಸ್ಟ್ರೆಪ್ಟೋಮೈಸಿಸ್ ಎಂಬ ಜೀವಿಗಳು ಹುಟ್ಟಿಸುವ ಪದಾರ್ಥದ್ದು. ಕ್ಷಯರೋಗಕ್ಕೆ ಮೊದಲು ದೊರೆತ ಪರಿಣಾಮಕಾರಿ ಔಷಧಿ ಸ್ಟ್ರೆಪ್ಟೋಮೈಸಿನ್ ಕೂಡ ೧೯೪೩ರಲ್ಲಿ ಅಮೆರಿಕದಲ್ಲಿ ಸೆಲ್ಮನ್ ವಾಕ್ಸ್‌ಮನ್ನರ ಪ್ರಯೋಗಶಾಲೆಯಲ್ಲಿ ಇದೇ ಕುಲದ ಮಣ್ಣಿನ ಜೀವಿಯಿಂದ ದೊರೆಯಿತು. ಅದನ್ನು ಬೇರ್ಪಡಿಸಿದವರು ಅವರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್. ಮಣ್ಣಿನ ಜೀವಿಗಳೆಂದರೆ ಬರೀ ಕೊಳೆ ತಿನ್ನುವವು ಎಂದು ಹಗುರವಾಗಿ ಎಣಿಸಬಾರದು ಎಂಬುದಕ್ಕೆ ಈ ಮಾತನ್ನು ಹೇಳಿದೆವು.

ಕಡೆಯಲ್ಲಿ ನೈಟ್ರೊಸೋಮೊನಾಸ್, ನೈಟ್ರೊಬ್ಯಾಕ್ಟರ್ ಎಂಬ ಜೋಡಿ ಬರುತ್ತದೆ. ಮೊದಲನೆಯದು ಘಾಟು ಹೊಡೆಯುವ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಎರಡನೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಪೈರಿನ ಬೇರು ಸುಲಭವಾಗಿ ಹೀರುವುದು ಈ ನೈಟ್ರೇಟನ್ನು. ಅಲ್ಲಿಗೆ ಗೊಬ್ಬರ ಮಾಗಿತು ಎನ್ನಬಹುದು.

ಬೆಂಗಳೂರಿನ ಹೆಸರು ಹೊತ್ತ ಪದ್ಧತಿ

ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ನಾಡಿಗೊಂದು ಸ್ಥಾನವಿದೆಯೆಂಬುದನ್ನು ಹೊರನಾಡಿನಲ್ಲಿರುವ ನಾವು ತಿಳಿದಿರಬೇಕು.

೧೯೧೪ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಹತ್ತಿ ಗಿರಣಿಗಳ ಆ ಊರಿನಲ್ಲಿ, ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಗಟಾರದ ನೀರಿಗೆ ಗಾಳಿ ಊದಿ ಶುದ್ಧ ಮಾಡುವ ವಿಧಾನವನ್ನು ಪ್ರಕಟಿಸಿದರು. ಗಾಳಿ ಊದಿದ ಮೇಲೆ ತಳಕ್ಕಿಳಿದ ರಾಡಿಯನ್ನು ಅವರು ಚೆಲ್ಲಲಿಲ್ಲ. ಹೊಸ ನೀರಿಗೆ ಅದನ್ನೇ ಬೆರೆಸಿದರು. ನಿನ್ನೆಯ ಮೊಸರನ್ನು ಇಂದಿನ ಹಾಲಿಗೆ ಹೆಪ್ಪು ಹಾಕಿದಂತೆ, ಹಳೆಯ ರಾಡಿಯ ಬ್ಯಾಕ್ಟೀರಿಯಾಗಳು ಹೊಸ ಕೊಳೆಯನ್ನು ಬೇಗ ತಿಂದು ಮುಗಿಸಿದವು. ಇವರಿಬ್ಬರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ ಆ ಬಳಿಕ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿಗೆ, ಅಂದರೆ ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಗೆ, ಪ್ರಾಧ್ಯಾಪಕರಾಗಿ ಬಂದರು.

ಇತ್ತ ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಎಂಬವರು ನಮ್ಮ ರೈತರ ತಿಪ್ಪೆಯನ್ನೇ ಶಾಸ್ತ್ರೀಯವಾಗಿ ಪರೀಕ್ಷಿಸಿ, ೧೯೩೧ರಲ್ಲಿ ತಮ್ಮ ಪದ್ಧತಿಯನ್ನು ಪುಸ್ತಕವಾಗಿ ಪ್ರಕಟಿಸಿದರು. ಆಗಾಗ ರಾಶಿಯನ್ನು ಮಗುಚಿ ಗಾಳಿಯಾಡಿಸುವುದು ಆ ಇಂದೂರು ಪದ್ಧತಿಯ ಲಕ್ಷಣ. ೧೯೩೯ರಲ್ಲಿ ಬೆಂಗಳೂರಿನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ಮಗುಚುವ ಶ್ರಮವಿಲ್ಲದ ಇನ್ನೊಂದು ಕ್ರಮವನ್ನು ರೂಪಿಸಿದರು. ಇದಕ್ಕೆ ಬೆಂಗಳೂರು ಪದ್ಧತಿಯೆಂದೇ ಹೆಸರು. ವೈದ್ಯಕೀಯ ವಿದ್ಯಾರ್ಥಿಗಳು ಓದುವ ಸಾರ್ವಜನಿಕ ಆರೋಗ್ಯದ ಪಠ್ಯಪುಸ್ತಕಗಳಲ್ಲಿಯೂ ಆ ಹೆಸರು ಉಂಟು.

ಅದರ ಕ್ರಮ ಹೀಗೆ: ಊರ ಹೊರಗೆ ಸುಮಾರು ೯೦ ಸೆಂಟಿಮೀಟರ್ ಆಳದ, ಒಂದೂವರೆಯಿಂದ ಎರಡೂವರೆ ಮೀಟರ್ ಅಗಲದ ಕಂದಕ. ತಳದಲ್ಲಿ ೧೫ ಸೆಂಟಿಮೀಟರ್ ಊರ ಕಸ, ಅದರ ಮೇಲೆ ೫ ಸೆಂಟಿಮೀಟರ್ ಮಲ, ಮತ್ತೆ ಕಸ, ಮತ್ತೆ ಮಲ. ಹೀಗೆ ನೆಲದಿಂದ ೩೦ ಸೆಂಟಿಮೀಟರ್ ಮೇಲೇಳುವವರೆಗೆ ಹಾಕುವುದು. ಕಡೆಯ ಪದರ ಕನಿಷ್ಠ ೨೫ ಸೆಂಟಿಮೀಟರ್ ಕಸ. ಅದರ ಮೇಲೆ ಅಗೆದ ಮಣ್ಣನ್ನು ಮುಚ್ಚುವುದು. ಏಳು ದಿನಗಳೊಳಗೆ ಒಳಗಿನ ಕಾವು ೬೦ ಡಿಗ್ರಿಯನ್ನು ದಾಟಿ ಎರಡು ಮೂರು ವಾರ ಹಾಗೆಯೇ ನಿಲ್ಲುತ್ತದೆ. ಆ ಬಳಿಕ ಮೆಲ್ಲಗೆ ತಣಿದು, ನಾಲ್ಕರಿಂದ ಆರು ತಿಂಗಳಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ.

ಆದರೆ ಒಂದು ಎಚ್ಚರಿಕೆ. ಆ ಕಾಲದ ಊರ ಕಸವೆಂದರೆ ಸೊಪ್ಪುಸದೆ, ಬೂದಿ, ತರಕಾರಿ ಸಿಪ್ಪೆ, ಹುಲ್ಲು. ಇಂದಿನ ಕಸದಲ್ಲಿ ಪ್ಲಾಸ್ಟಿಕ್, ಗಾಜು, ಬ್ಯಾಟರಿ ಸೆಲ್ಲು, ಔಷಧಿ ಸೀಸೆ ಎಲ್ಲವೂ ಉಂಟು. ಹಸಿ ಕಸವನ್ನು ಬೇರೆ ಮಾಡದೆ ಆಚಾರ್ಯರ ಪದ್ಧತಿಯನ್ನು ಇಂದು ಹಾಗೆಯೇ ಅನುಸರಿಸುವಂತಿಲ್ಲ.

ಜಮಾಖರ್ಚಿನ ಲೆಕ್ಕ

ಈ ಕೆಲಸಗಾರರಿಗೆ ನಾವು ಒದಗಿಸಬೇಕಾದವು ನಾಲ್ಕೇ: ಸಮತೂಕದ ಆಹಾರ, ಹದವಾದ ತೇವ, ಗಾಳಿ, ಕಾವು ನಿಲ್ಲುವಷ್ಟು ದೊಡ್ಡ ರಾಶಿ.

ಆಹಾರದ ಲೆಕ್ಕವನ್ನು ಗುಮಾಸ್ತರಾದ ನಾವು ಸುಲಭವಾಗಿ ಹಾಕಬಹುದು. ಬ್ಯಾಕ್ಟೀರಿಯಾಗಳಿಗೆ ಇಂಗಾಲವೆಂದರೆ ಒಲೆಯ ಸೌದೆ, ಸಾರಜನಕವೆಂದರೆ ಮೈ ಕಟ್ಟುವ ಬೇಳೆ. ೨೫ರಿಂದ ೩೦ ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇದ್ದರೆ ಅವು ಸುಖವಾಗಿ ದುಡಿಯುತ್ತವೆ. ರಾಡಿಯಲ್ಲಿ ಒಂದಕ್ಕೆ ಏಳೆಂಟು ಪಾಲು ಇಂಗಾಲ ಮಾತ್ರ. ಬೇಳೆ ಹೆಚ್ಚು, ಸೌದೆ ಕಡಿಮೆ. ಹಾಗೆಯೇ ಬಿಟ್ಟರೆ ಮಿಕ್ಕ ಸಾರಜನಕವೆಲ್ಲ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಆ ಘಾಟು ಮೂಗಿಗೆ ಬಂದಾಗ ಗೊಬ್ಬರದ ಬೆಲೆಯೇ ಹಾರಿಹೋಗುತ್ತಿದೆ ಎಂದು ತಿಳಿಯಬೇಕು. ಭತ್ತದ ಹುಲ್ಲು, ಒಣಗಿದ ಎಲೆ, ತೆಂಗಿನ ನಾರಿನ ಪುಡಿ, ಮರದ ಚಕ್ಕೆ, ಇವು ಇಂಗಾಲದ ಕಡೆ ತೂಕದವು.

ಒಂದು ಉದಾಹರಣೆ ನೋಡೋಣ. ನೀರು ಬಸಿದು ಗಟ್ಟಿಯಾದ ರಾಡಿ ೧೦೦ ಕಿಲೋ ಇದೆಯೆನ್ನಿ. ಅದರಲ್ಲಿ ೮೦ ಕಿಲೋ ನೀರು, ೨೦ ಕಿಲೋ ಒಣ ಪದಾರ್ಥ. ಆ ಇಪ್ಪತ್ತರಲ್ಲಿ ಇಂಗಾಲ ೭ ಕಿಲೋ, ಸಾರಜನಕ ೦.೯ ಕಿಲೋ ಎಂದು ಹಿಡಿಯೋಣ. ಇದಕ್ಕೆ ೭೦ ಕಿಲೋ ಕತ್ತರಿಸಿದ ಭತ್ತದ ಹುಲ್ಲನ್ನು ಸೇರಿಸಿದರೆ ಹುಲ್ಲಿನಿಂದ ಸುಮಾರು ೨೫ ಕಿಲೋ ಇಂಗಾಲ, ೦.೩೮ ಕಿಲೋ ಸಾರಜನಕ ಜಮಾ ಆಗುತ್ತದೆ. ಒಟ್ಟು ಇಂಗಾಲ ೩೨, ಒಟ್ಟು ಸಾರಜನಕ ೧.೨೮. ಭಾಗಿಸಿದರೆ ೨೫ ಬಂತು. ನೀರಿನ ಲೆಕ್ಕ: ರಾಡಿಯ ೮೦, ಹುಲ್ಲಿನ ೭, ಒಟ್ಟು ೮೭. ರಾಶಿಯ ತೂಕ ೧೭೦. ಅಂದರೆ ನೂರಕ್ಕೆ ೫೧ ತೇವ. ಬೇಕಾದದ್ದು ೫೦ರಿಂದ ೬೦. ಎರಡು ಲೆಕ್ಕವೂ ಒಟ್ಟಿಗೆ ಕೂಡಿಬಂತು. ರಾಡಿಯಿಂದ ರಾಡಿಗೆ ಅಂಕಿಗಳು ಬೇರೆಯಾಗುತ್ತವೆ, ಲೆಕ್ಕದ ದಾರಿ ಮಾತ್ರ ಇದೇ. ತಕ್ಕಡಿಯಿಲ್ಲದ ಕಡೆ ಕೈಯೇ ತಕ್ಕಡಿ: ಬೆರೆಸಿದ್ದನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿಗಿಂತ ಹೆಚ್ಚು ನೀರು ತೊಟ್ಟಿಕ್ಕಬಾರದು, ಒಣಗಿ ಉದುರಲೂ ಬಾರದು. ಈ ಪರೀಕ್ಷೆ ಮಾಡುವಾಗ ರಬ್ಬರಿನ ಕೈಚೀಲ ಹಾಕಿಕೊಂಡಿರತಕ್ಕದ್ದು.

ರಾಶಿ ಹಾಕುವ ಕ್ರಮ

ಶುದ್ಧೀಕರಣ ಕೇಂದ್ರಗಳಲ್ಲಿ ಈ ಕೆಲಸ ನಡೆಯುವ ಬಗೆಯನ್ನು ಚಿಕ್ಕದಾಗಿ ಹೇಳುತ್ತೇವೆ.

ಮೊದಲನೆಯದು, ರಾಡಿಯನ್ನು ಮರಳು, ಜಲ್ಲಿಯ ಹಾಸಿನ ಮೇಲೆ ಹರಡಿ ನೀರು ಬಸಿಯುವುದು. ಬಸಿದ ನೀರಿಗೂ ಬೇರೆ ಶುದ್ಧೀಕರಣ ಬೇಕು. ಅದನ್ನು ಹಳ್ಳಕ್ಕೆ ಬಿಡುವಂತಿಲ್ಲ.

ಎರಡನೆಯದು, ಗಟ್ಟಿಯಾದ ರಾಡಿಗೆ ಹುಲ್ಲು, ಚಕ್ಕೆ ಬೆರೆಸಿ, ಒಂದರಿಂದ ಒಂದೂವರೆ ಮೀಟರ್ ಎತ್ತರದ ಉದ್ದನೆಯ ರಾಶಿ ಹಾಕುವುದು. ಒಂದು ಮೀಟರಿಗಿಂತ ಗಿಡ್ಡವಾದರೆ ಕಾವು ನಿಲ್ಲದು, ಬಹಳ ಎತ್ತರವಾದರೆ ಅಡಿಗೆ ಗಾಳಿ ಹೋಗದು. ಮಳೆಯಿಂದ ಕಾಪಾಡಲು ಮೇಲೆ ಮಾಡು ಇರಬೇಕು.

ಮೂರನೆಯದು, ಮಗುಚುವುದು. ರಾಶಿಯ ಹೊರಮೈ ತಣ್ಣಗಿರುವುದರಿಂದ ಅಲ್ಲಿರುವ ರೋಗಾಣು ಸಾಯುವುದಿಲ್ಲ. ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವಂತೆ ಮಗುಚಬೇಕು. ಅಮೆರಿಕದಲ್ಲಿ ೧೯೯೩ರಲ್ಲಿ ಮಾಡಿದ ನಿಯಮದಂತೆ, ಇಂಥ ರಾಶಿ ೫೫ ಡಿಗ್ರಿ ಅಥವಾ ಅದಕ್ಕೆ ಮೇಲ್ಪಟ್ಟ ಕಾವಿನಲ್ಲಿ ೧೫ ದಿನ ಇರಬೇಕು, ಅಷ್ಟರಲ್ಲಿ ಐದು ಸಲವಾದರೂ ಮಗುಚಬೇಕು. ಅಲ್ಲಿನ ಬೆಲ್ಟ್ಸ್‌ವಿಲ್ ಎಂಬಲ್ಲಿ ೧೯೭೦ರ ದಶಕದಲ್ಲಿ, ಮಗುಚದೆ ಕೊಳವೆಯಿಂದ ಗಾಳಿ ಹಾಯಿಸುವ ಕ್ರಮವನ್ನೂ ಕಂಡುಹಿಡಿದರು. ಅದಕ್ಕೆ ೫೫ ಡಿಗ್ರಿಯಲ್ಲಿ ಮೂರು ದಿನ ಸಾಕೆಂದು ನಿಯಮ. ಉದ್ದನೆಯ ಕಡ್ಡಿಯ ಉಷ್ಣಮಾಪಕವನ್ನು ಚುಚ್ಚಿ ದಿನಾಲೂ ಅಂಕಿಯನ್ನು ಬರೆದಿಡುವುದು ಅವಶ್ಯ. ಬರೆದಿಡದ ಕಾವು ನಂಬಲರ್ಹವಲ್ಲ.

ನಾಲ್ಕನೆಯದು, ಮಾಗಿಸುವುದು. ಬಿಸಿ ಇಳಿದ ಮೇಲೆಯೂ ಒಂದೆರಡು ತಿಂಗಳು ರಾಶಿಯನ್ನು ಹಾಗೆಯೇ ಬಿಡಬೇಕು. ಅರೆಬೆಂದ ಗೊಬ್ಬರದಲ್ಲಿ ಇನ್ನೂ ಮೆತ್ತನೆಯ ಆಹಾರ ಉಳಿದಿರುವುದರಿಂದ ರೋಗಾಣುಗಳು ಮತ್ತೆ ಬೆಳೆಯಬಹುದು. ಹಸಿ ರಾಡಿಯನ್ನು ಮುಟ್ಟಿದ ಸಲಿಕೆಯಿಂದ ಮಾಗಿದ ಗೊಬ್ಬರವನ್ನು ಮುಟ್ಟಬಾರದು. ತಿಂಗಳುಗಟ್ಟಲೆ ಮಾಡಿದ ಕೆಲಸ ಒಂದು ಸಲಿಕೆಯಿಂದ ಕೆಡುತ್ತದೆ.

ಮೂಗು ಇಲ್ಲಿ ಒಳ್ಳೆಯ ಗುರು. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲದು. ಅಮೋನಿಯಾದ ಘಾಟು ಬಂದರೆ ಹುಲ್ಲು ಸಾಲದು. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಕೆಲಸ ಬಹುಮಟ್ಟಿಗೆ ಮುಗಿಯಿತು.

ಪುಡಿ ಮತ್ತು ಬಾಟಲಿ

ಮೂರೇ ದಿನಗಳಲ್ಲಿ ಶುದ್ಧ ಮಾಡುವ ಪುಡಿಯ ಮಾತಿಗೆ ಬರೋಣ. ಉಪಕಾರಿ ಬ್ಯಾಕ್ಟೀರಿಯಾಗಳೆಂದು ಪೇಟೆಯಲ್ಲಿ ಪುಡಿ, ದ್ರಾವಣಗಳು ಸಿಗುತ್ತವೆ. ಅವುಗಳಲ್ಲಿ ಜೀವಿಗಳೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಬೇಕಾದ ಜೀವಿಗಳು ರಾಡಿಯಲ್ಲಿ, ಹುಲ್ಲಿನಲ್ಲಿ, ಒಂದು ಹಿಡಿ ಹೊಲದ ಮಣ್ಣಿನಲ್ಲಿ ಆಗಲೇ ಇವೆ. ಇನ್ನೂ ಬೇಕೆಂದರೆ ಮಾಗಿದ ಹಳೆಯ ಗೊಬ್ಬರದ ಒಂದೆರಡು ಬುಟ್ಟಿಯನ್ನು ಹೆಪ್ಪಿನಂತೆ ಬೆರೆಸಿದರೆ ಸಾಕು. ಗಾಳಿ, ತೇವ, ಹುಲ್ಲು ಇಲ್ಲದ ಕಡೆ ಎಷ್ಟು ಪುಡಿ ಸುರಿದರೂ ಅವು ಉಪವಾಸ ಬೀಳುತ್ತವೆ. ಇವೆಲ್ಲ ಇದ್ದ ಕಡೆ ಪುಡಿಯ ಅಗತ್ಯವೇ ಬಹಳ ಸಲ ಬೀಳುವುದಿಲ್ಲ. ಮುಖ್ಯವಾಗಿ, ರೋಗಾಣುಗಳನ್ನು ಕೊಲ್ಲುವುದು ಕಾವು ಮತ್ತು ಕಾಲ. ಪುಡಿ ಬೆರೆಸಿದ ಮಾತ್ರಕ್ಕೆ ಹಸಿ ರಾಡಿ ಶುದ್ಧವಾಯಿತೆಂದು ನಂಬಬಾರದು.

ಸೂಕ್ಷ್ಮಜೀವಿಗಳಿಗೂ ಆಗದ ಕೆಲಸ

ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸ ಮುಂತಾದ ಲೋಹಗಳನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಇಲ್ಲವೆನಿಸಲಾರದು. ರಾಶಿ ಕಳಿತು ಕುಗ್ಗಿದಷ್ಟೂ ಉಳಿದ ಗೊಬ್ಬರದಲ್ಲಿ ಲೋಹದ ಪಾಲು ಹೆಚ್ಚಾಗುತ್ತದೆ. ಬಣ್ಣ ಹಾಕುವ ಕಾರ್ಖಾನೆ, ಚರ್ಮ ಹದಮಾಡುವ ಕಾರ್ಖಾನೆ, ಲೋಹದ ಮುಲಾಮು ಹಾಕುವ ಕಾರ್ಖಾನೆ, ಇವುಗಳ ನೀರು ಊರ ಗಟಾರಕ್ಕೆ ಸೇರಿದ್ದರೆ ಆ ಗಟಾರದ ರಾಡಿಯನ್ನು ಎಷ್ಟೇ ಚೆನ್ನಾಗಿ ಕಳಿಸಿದರೂ ಹೊಲಕ್ಕೆ ಹಾಕುವಂತಿಲ್ಲ. ಲೋಹ ಮಣ್ಣಿಗೆ ಒಮ್ಮೆ ಸೇರಿದರೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ. ಭಾರತ ಸರ್ಕಾರದ ೧೯೮೫ರ ರಸಗೊಬ್ಬರ ನಿಯಂತ್ರಣ ಆಜ್ಞೆಯಲ್ಲಿ ನಗರ ಕಾಂಪೋಸ್ಟಿಗೆ ಮಿತಿಗಳನ್ನು ಹಾಕಿದ್ದಾರೆ: ಒಂದು ಕಿಲೋ ಗೊಬ್ಬರದಲ್ಲಿ ಕ್ಯಾಡ್ಮಿಯಂ ೫ ಮಿಲಿಗ್ರಾಂ, ಸೀಸ ೧೦೦ ಮಿಲಿಗ್ರಾಂ ಮೀರಬಾರದು. ಕೊಳ್ಳುವವರು ಪರೀಕ್ಷೆಯ ವರದಿಯನ್ನು ಕೇಳುವುದು ಸಂಕೋಚದ ವಿಷಯವಲ್ಲ.

ಗುಂಡಿಗೆ ಇಳಿಯುವವರು

ಬೆಂಗಳೂರು ಪದ್ಧತಿಯನ್ನು ಹೊಗಳಿದೆವು. ಆದರೆ ಆ ಕಂದಕಕ್ಕೆ ಮಲವನ್ನು ತಂದು ಸುರಿದವರು ಯಾರು? ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ತಂದ ಮನುಷ್ಯರು. ಹುಟ್ಟಿದ ಜಾತಿಯ ಕಾರಣಕ್ಕೆ ಆ ಕೆಲಸ ಅವರ ಪಾಲಿಗೆ ಬಂದಿತ್ತು. ೧೯೭೦ರ ದಶಕದ ಮೊದಲ ವರ್ಷಗಳಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ೨೦೧೩ರ ಕೇಂದ್ರ ಕಾಯಿದೆ, ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಗಟಾರಕ್ಕೆ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಇಳಿಸಕೂಡದೆಂದು ವಿಧಿಸಿದೆ. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ ೩೦ ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು ೨೦೨೩ರಲ್ಲಿ ಆಜ್ಞೆ ಮಾಡಿತು. ಪರಿಹಾರದ ಮೊತ್ತವನ್ನು ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿಲ್ಲವೆಂದೇ ಅರ್ಥ.

ಈ ಸಾವಿಗೆ ಕಾರಣವೂ ಬ್ಯಾಕ್ಟೀರಿಯಾಗಳ ಕೆಲಸವೇ. ಗಾಳಿಯಿಲ್ಲದ ಟ್ಯಾಂಕಿನಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಎಂಬ ವಿಷದ ಗಾಳಿಯನ್ನು ಹುಟ್ಟಿಸುತ್ತವೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಅದು ಮೂಗಿನ ಶಕ್ತಿಯನ್ನೇ ಕೊಲ್ಲುವುದರಿಂದ ನಾತ ನಿಂತುಹೋದಂತೆ ಕಾಣುತ್ತದೆ. ರಾಶಿಯ ಬಳಿ ಗುರುವಾದ ಮೂಗು ಟ್ಯಾಂಕಿನೊಳಗೆ ಮೋಸ ಮಾಡುತ್ತದೆ. "ವಾಸನೆ ಹೋಯಿತು, ಇಳಿಯಬಹುದು" ಎಂದು ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದ ಎರಡನೆಯವನೂ ಬರುವುದಿಲ್ಲ. ನಿಮ್ಮ ಚಾಳಿನಲ್ಲಿ, ಸೊಸೈಟಿಯಲ್ಲಿ, ಊರ ಮನೆಯಲ್ಲಿ ಯಂತ್ರದ ಹೊರತು ಮನುಷ್ಯರನ್ನು ಇಳಿಸಲು ಯಾರಾದರೂ ಹೊರಟರೆ, ಅದನ್ನು ತಡೆಯುವುದು ಪ್ರತಿಯೊಬ್ಬ ಓದುಗರ ಕರ್ತವ್ಯ. ಗೊಬ್ಬರಕ್ಕಿಂತ ಜೀವ ದೊಡ್ಡದು.

ಹಿರಿಯರ ಪ್ರಶ್ನೆಗೆ ಉತ್ತರ

ಈಗ ಉತ್ತರ ಹೇಳಬಹುದು. ಟ್ಯಾಂಕರಿನ ಹಸಿ ರಾಡಿಯನ್ನು ಹೊಲಕ್ಕೆ ಬಿಡಿಸಿಕೊಳ್ಳಬೇಡಿ, ಪುಕ್ಕಟೆಯಾಗಿ ಬಂದರೂ ಬೇಡ. ಅದು ಬಾವಿಯ ನೀರಿಗೂ ಕಾಲಿನ ಚರ್ಮಕ್ಕೂ ಸೊಪ್ಪಿನ ಮಡಿಗೂ ಅಪಾಯ. ಶುದ್ಧ ಮಾಡದೆ ಹೊಲ, ಹಳ್ಳಗಳಿಗೆ ಬಿಡಬಾರದೆಂಬುದೇ ೨೦೧೭ರಲ್ಲಿ ಕೇಂದ್ರ ಸರ್ಕಾರ ಈ ವಿಷಯದಲ್ಲಿ ಪ್ರಕಟಿಸಿದ ರಾಷ್ಟ್ರೀಯ ನೀತಿಯ ಆಶಯವೂ ಆಗಿದೆ. ಒಬ್ಬ ರೈತ ತನ್ನ ಹಿತ್ತಿಲಲ್ಲಿ ನೀರು ಬಸಿದು, ಕಾವು ಅಳೆದು ಈ ಕೆಲಸ ಮಾಡುವುದು ಕಷ್ಟ. ಇದು ಊರು ಕೂಡಿ ಮಾಡಬೇಕಾದ ಕೆಲಸ. ದೇವನಹಳ್ಳಿಯಲ್ಲಿ ೨೦೧೫ರಲ್ಲಿ ಇಂಥದೇ ಒಂದು ಕೇಂದ್ರ ಆರಂಭವಾಯಿತು. ಟ್ಯಾಂಕರುಗಳು ತಂದ ರಾಡಿಯನ್ನು ಅಲ್ಲಿ ಜೀರ್ಣಗೊಳಿಸಿ, ಹಾಸಿನ ಮೇಲೆ ಒಣಗಿಸಿ, ಪಟ್ಟಣದ ಹಸಿ ಕಸದೊಡನೆ ಕಳಿಸಿ ಗೊಬ್ಬರ ಮಾಡುವ ಏರ್ಪಾಡು ಮಾಡಿದರು. ನಮ್ಮ ತಾಲ್ಲೂಕಿನಲ್ಲಿ ಅಂಥದುಂಟೇ ಎಂದು ತಮ್ಮ ಪುರಸಭೆಯಲ್ಲಿ ಹೋಗಿ ಕೇಳಲಿ. ಇದ್ದರೆ ಮಾಗಿದ ಗೊಬ್ಬರವನ್ನು ವರದಿ ನೋಡಿ ತರಲಿ. ಇಲ್ಲದಿದ್ದರೆ ನಾಲ್ಕು ಮಂದಿ ಸೇರಿ ಒಂದು ಅರ್ಜಿ ಕೊಡಲಿ. ಅರ್ಜಿ ಬರೆಯುವುದು ನಮಗೆ ಬರುವ ವಿದ್ಯೆ. ನಾವೇ ಬರೆದುಕೊಡುತ್ತೇವೆ.

ಈಗಾಗಲೇ ರಾಡಿ ಬಿಡಿಸಿಕೊಂಡವರು ಇದ್ದರೆ, ಆ ಜಾಗಕ್ಕೆ ಮಣ್ಣು ಮುಚ್ಚಿ ಮಕ್ಕಳು, ದನಕರು ಸುಳಿಯದಂತೆ ಬೇಲಿ ಹಾಕಲಿ. ಹಸಿಯಾಗಿ ತಿನ್ನುವ ಗಡ್ಡೆ, ಸೊಪ್ಪುಗಳನ್ನು ಅಲ್ಲಿ ಬಹುಕಾಲ ಬೆಳೆಯದಿರಲಿ. ಒಣಗಿಸಿದ ಮಲವನ್ನೇ ನಮ್ಮಂಥ ಬಿಸಿ ನಾಡಿನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟು ಆಮೇಲೆ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೦೬ರಲ್ಲಿ ಹೇಳಿದೆ. ಹ

ೊಲದಲ್ಲಿ ಚೆಲ್ಲಿದ ಹಸಿ ರಾಡಿಗೆ ಅದಕ್ಕಿಂತ ಕಡಿಮೆ ಎಚ್ಚರ ಸಲ್ಲದು.

ತಿಪ್ಪೆ ಹೋಗಿ ಉಪ್ಪರಿಗೆಯಾಗುತ್ತದೆ ಎಂದು ನಮ್ಮಲ್ಲಿ ಗಾದೆಯುಂಟು. ಆಗುವುದು ನಿಜ. ಆದರೆ ಅದಕ್ಕೆ ಗಾಳಿ ಬೇಕು, ಹುಲ್ಲು ಬೇಕು, ಕಾವು ಬೇಕು, ಎಲ್ಲಕ್ಕಿಂತ ಮೇಲಾಗಿ ತಾಳ್ಮೆ ಬೇಕು. ಕಣ್ಣಿಗೆ ಕಾಣದ ಆ ಕೆಲಸಗಾರರು ಕೂಲಿ ಕೇಳುವುದಿಲ್ಲ, ರಜೆ ಕೇಳುವುದಿಲ್ಲ. ಅವರ ಪಾಳಿ ಮುಗಿಯುವವರೆಗೆ ಕಾಯುವುದಷ್ಟೇ ನಮ್ಮ ಪಾಲಿನ ಕೆಲಸ.

ಮನನಕ್ಕೆ ಕೆಲವು ಪ್ರಶ್ನೆಗಳು

೧. ತಿಪ್ಪೆಯಲ್ಲಿ ಬಿಸಿ ಹುಟ್ಟುವುದು ಹೇಗೆ? ಆ ಬಿಸಿಯಿಂದ ನಮಗೇನು ಲಾಭ?
೨. ರಾಡಿಗೆ ಹುಲ್ಲು ಬೆರೆಸುವುದೇಕೆ? ೫೦ ಕಿಲೋ ಗಟ್ಟಿ ರಾಡಿಗೆ, ಪಾಠದ ಉದಾಹರಣೆಯಂತೆ, ಎಷ್ಟು ಹುಲ್ಲು ಬೇಕು?
೩. ರಾಶಿಯನ್ನು ಮಗುಚದಿದ್ದರೆ ಯಾವ ಭಾಗದ ರೋಗಾಣುಗಳು ಉಳಿಯುತ್ತವೆ?
೪. ಕಾಂಪೋಸ್ಟ್ ಮಾಡಿದರೂ ಹೋಗದ ದೋಷ ಯಾವುದು?
೫. ಟ್ಯಾಂಕಿನಲ್ಲಿ ವಾಸನೆ ನಿಂತಿತೆಂದರೆ ಅಪಾಯ ಹೋಯಿತೆಂದು ಏಕೆ ತಿಳಿಯಬಾರದು?

ಉತ್ತರಗಳನ್ನು ಮುಂದಿನ ಭಾನುವಾರ ವಾಚನಾಲಯದಲ್ಲಿ ಕೂಡಿ ಚರ್ಚಿಸೋಣ. ಊರಿನಿಂದ ಬಂದ ಇಂಥ ಬೇರೆ ಪ್ರಶ್ನೆಗಳಿದ್ದರೆ ಸದಸ್ಯರು ಸಂಕೋಚಪಡದೆ ತರಬೇಕೆಂದು ಕೋರುತ್ತೇವೆ.